ಬಕ್ಸ್ ಪಾಯಿಂಟ್ ಬಲೆಯಲ್ಲಿ ಆರು ಮೂಲೆ ಬರುತ್ತಿಲ್ಲ, ಯಾಕೆ?

ಮಿಲ್ಟನ್‌ಕೀನ್ಸ್_ಸೊಸೆ:
ಬಾಬಿನ್ ಲೇಸ್, ಅಂದರೆ ದಾರ ಸುತ್ತಿದ ಕಡ್ಡಿಗಳಿಂದ (ಬಾಬಿನ್) ದಿಂಬಿನ ಮೇಲೆ ಲೇಸ್ ಹೆಣೆಯುವವರು ಇಲ್ಲಿ ಯಾರಾದರೂ ಇದ್ದೀರಾ? ಎರಡು ವರ್ಷದಿಂದ ಅದರಲ್ಲಿ ಟೋರ್ಶನ್ ಅನ್ನೋ ಬಗೆ ಮಾಡುತ್ತಿದ್ದೇನೆ, ಅದು ಕೈಗೆ ಕೂತಿದೆ. ಹೋದ ತಿಂಗಳು ಇಲ್ಲಿ ಇಂಗ್ಲೆಂಡಿನ ಓಲ್ನಿಯ ಕೂಪರ್ ಅಂಡ್ ನ್ಯೂಟನ್ ಮ್ಯೂಸಿಯಮ್ಮಿನಲ್ಲಿ ಹಳೇ ಲೇಸ್ ನೋಡಿ ಬಕ್ಸ್ ಪಾಯಿಂಟ್ (ಬಕಿಂಗ್‌ಹ್ಯಾಮ್‌ಶೈರ್ ಕಡೆಯ ಬಾಬಿನ್ ಲೇಸ್) ಕಲಿಯುವ ಹುಚ್ಚು ಹಿಡಿಯಿತು. ದಿಂಬಿಗೆ ನಕ್ಷೆ ಚುಚ್ಚಿ, 14 ಜೋಡಿ ಬಾಬಿನ್ ಕಟ್ಟಿ ಶುರು ಮಾಡಿದೆ. ಬಲೆಯ ತೂತಿಗೆ ಆರು ಮೂಲೆ ಇರಬೇಕು ಅಲ್ವಾ? ನನ್ನದು ಶಂಕರಪೋಳಿ ತರ ಬರುತ್ತಿದೆ. ಪಿನ್ನಿನ ಹತ್ತಿರ ಗಂಟು ಬಿದ್ದ ಹಾಗೆ ದಪ್ಪ ಬೇರೆ.

ದಿಂಬಕ್ಕ:
ಪಿನ್ ಚುಚ್ಚಿದ ಮೇಲೆ ಏನು ಮಾಡುತ್ತೀರಿ?

ಮಿಲ್ಟನ್‌ಕೀನ್ಸ್_ಸೊಸೆ:
ಟೋರ್ಶನ್‌ನ ಹಾಗೇ ಅಕ್ಕ. ಒಂದು ಅಡ್ಡ, ಒಂದು ಸುತ್ತು, ಪಿನ್. ಮತ್ತೆ ಅಡ್ಡ, ಸುತ್ತು.

ದಿಂಬಕ್ಕ:
ಅಲ್ಲೇ ಎಡವಟ್ಟು! ಬಕ್ಸ್‌ನಲ್ಲಿ ಪಿನ್ನಿನ ಆಮೇಲೆ ಮತ್ತೆ ಹೆಣೆದು ಅದನ್ನು ಮುಚ್ಚುವುದಿಲ್ಲ. ಎರಡು ಜೋಡಿ ತಗೊಂಡು, ನಡುವಿನ ಎರಡು ಬಾಬಿನ್‌ಗಳಲ್ಲಿ ಎಡದ್ದನ್ನು ಬಲದ್ದರ ಮೇಲೆ ಹಾಯಿಸಿ. ಆಮೇಲೆ ಎರಡೂ ಜೋಡಿಗೆ ಮೂರು ಮೂರು ಸುತ್ತು, ಪ್ರತಿ ಸಲ ಬಲದ್ದು ಎಡದ್ದರ ಮೇಲೆ. ಜೋಡಿಗಳ ನಡುವೆ ಪಿನ್ ಚುಚ್ಚಿ, ಬಿಗಿಮಾಡಿ, ಸುಮ್ನೆ ಮುಂದಕ್ಕೆ ಹೋಗಿ. ಆ ಮೂರು ಸುತ್ತೇ ತೂತಿನ ಗೋಡೆ.
ನಕ್ಷೆಯನ್ನೂ ನೋಡಿಕೊಳ್ಳಿ. ಎರಡರಲ್ಲೂ ಸಂದು ಚುಕ್ಕಿಯೇ, ರಂಗೋಲಿಯಲ್ಲಿ ಇಡುತ್ತೀವಲ್ಲ, ಹಾಗೆ. ಆದರೆ ಟೋರ್ಶನ್ ಚುಕ್ಕಿಗಳ ಓರೆಗೆರೆ ಅಂಚಿಗೆ 45 ಡಿಗ್ರಿ, ಬಕ್ಸ್‌ನದು ಸಾಮಾನ್ಯವಾಗಿ 50 ದಾಟಿರುತ್ತದೆ. ಟೋರ್ಶನ್ ನಕ್ಷೆ ಮೇಲೆ ಮೂರಲ್ಲ, ಮೂವತ್ತು ಸುತ್ತು ಹಾಕಿದರೂ ಸರಿಹೋಗಲ್ಲ.

ಎಳೆ_ಎಣಿಸುವವ:
ಇನ್ನೊಂದು ಮಾತು. ಪಿನ್ ಬೇಗ ಕೀಳಬೇಡಿ. ಮುಚ್ಚುವ ಹೆಣಿಗೆ ಇಲ್ಲವಲ್ಲ, ಹಿಡಿದಿಡುವುದು ಪಿನ್ನೇ. ನಾನು ಪಿನ್ ಸಾಲದೆ ಮೂರೇ ಸಾಲು ಬಿಟ್ಟು ಮೇಲಿನವು ಕಿತ್ತಿದ್ದೆ. ಬಿಗಿಮಾಡಲು ಎಳೆದ ಕೂಡಲೇ ಬಲೆಯೆಲ್ಲ ಒಂದು ಕಡೆ ವಾಲಿತು. ದಾರ ಯಾವುದು? ಟೋರ್ಶನ್‌ನದೇ ಆದರೆ ದಪ್ಪವಾಯಿತು, ಸಣ್ಣದು ತಗೊಳ್ಳಿ.

ದಿಂಬಕ್ಕ:
ಹೌದು. ನೇರ ಅಂಚಿನ ಪಕ್ಕದ ಪಿನ್ ಮಾತ್ರ ಬೇರೆ. ಹೆಣಿಗೆ ಅದೇ, ಆದರೆ ಪಿನ್ ಜೋಡಿಗಳ ನಡುವೆ ಅಲ್ಲ, ಎರಡೂ ಜೋಡಿಯ ಒಳಪಕ್ಕಕ್ಕೆ, ಬಲೆಯ ಕಡೆಗೆ. ಇದನ್ನು ಮರೆತರೆ ಅಂಚು ಸಡಿಲವಾಗುತ್ತದೆ.

ಮಿಲ್ಟನ್‌ಕೀನ್ಸ್_ಸೊಸೆ:
ಬಿಚ್ಚಿ, ಸಣ್ಣ ದಾರದಲ್ಲಿ ಮತ್ತೆ ಹಾಕಿದೆ. ನಕ್ಷೆ ಸರಿಯಾಗೇ ಇತ್ತು. ಆರು ಸಾಲು ಆಯಿತು, ಆರು ಮೂಲೆ ಬಂತು! ಒಂದೇ ತೂತು ಸೊಟ್ಟ, ಅಲ್ಲಿ ಎರಡೇ ಸುತ್ತು ಬಿದ್ದಿದೆ. ಅಮ್ಮನ ಫೋನ್ ಬಂದಿತ್ತು.