ಎರಡೂ ಕಿವಿಯ ರಂಧ್ರವಿಲ್ಲದೆ ಹುಟ್ಟಿದ ಮಗುವಿಗೆ ಶಸ್ತ್ರಚಿಕಿತ್ಸೆ ಯಾವಾಗ ಮಾಡಿಸಬೇಕು?

ಪ್ರಶ್ನೆ: ಬ್ಯಾಡಗಿಯ ತಂದೆ

ಎಲ್ಲರಿಗೂ ನಮಸ್ಕಾರ. ನಾವು ಹಾವೇರಿ ಜಿಲ್ಲೆಯ ಬ್ಯಾಡಗಿ ತಾಲ್ಲೂಕಿನವರು. ನಮ್ಮ ಮಗಳಿಗೆ ಈಗ ಐದು ತಿಂಗಳು. ಬಲಗಡೆ ಕಿವಿಯ ಜಾಗದಲ್ಲಿ ಶೇಂಗಾ ಕಾಯಿಯಷ್ಟು ಚರ್ಮದ ಗಂಟಿದೆ, ಎಡಗಡೆ ಹಾಲೆಯ ಕೆಳಭಾಗ ಮಾತ್ರ ಬೆಳೆದಿದೆ, ರಂಧ್ರ ಎರಡೂ ಕಡೆ ಇಲ್ಲ. ಉಳಿದಂತೆ ಆರೋಗ್ಯವಾಗಿದ್ದಾಳೆ. ಸ್ಟೀಲಿನ ತಾಟು ನೆಲಕ್ಕೆ ಬಿದ್ದರೆ ಬೆಚ್ಚುತ್ತಾಳೆ, ಪಕ್ಕದಲ್ಲಿ ಕುಳಿತು ಮಾತನಾಡಿಸಿದರೆ ತಿರುಗುವುದಿಲ್ಲ. ಆದರೆ ತಾಯಿ ಎದೆಗವಚಿಕೊಂಡು ಜೋಗುಳ ಹಾಡಿದರೆ ಸುಮ್ಮನಾಗುತ್ತಾಳೆ.

ಒಂದು ಕಡೆ ತೋರಿಸಿದಾಗ, ವರ್ಷ ತುಂಬುವುದರೊಳಗೆ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಒಳಕಿವಿಗೆ ಕೂರಿಸುವ ಸಾಧನ) ಹಾಕಿಸದಿದ್ದರೆ ಮಾತು ಬರುವುದೇ ಇಲ್ಲ ಎಂದರು. ಇನ್ನೊಂದು ಕಡೆ, ಆರು ವರ್ಷದವರೆಗೆ ಏನೂ ಮಾಡುವಂತಿಲ್ಲ, ಆಮೇಲೆ ರಂಧ್ರ ಮಾಡಿಸಿದರಾಯಿತು ಎಂದು ಕಳುಹಿಸಿದರು. ಮೊದಲನೆಯ ಮಾತನ್ನು ನಂಬಿ ಹೊಲ ಮಾರುವ ಮಾತುಕತೆಯನ್ನೂ ಆರಂಭಿಸಿದ್ದೇವೆ. ಏಳು ತಿಂಗಳ ಬಸುರಿಯಾಗಿದ್ದಾಗ ಗ್ರಹಣದ ಹೊತ್ತಿನಲ್ಲಿ ಹೊರಗೆ ಬಂದದ್ದೇ ಇದಕ್ಕೆ ಕಾರಣವೆಂದು ಮನೆಯ ಹಿರಿಯರು ನನ್ನ ಹೆಂಡತಿಯನ್ನು ದೂರುತ್ತಿದ್ದಾರೆ. ಅವಳು ಊಟ ಬಿಟ್ಟು ಕೊರಗುತ್ತಿದ್ದಾಳೆ. ತಿಳಿದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಹುಬ್ಬಳ್ಳಿಯ ಶ್ರವಣತಜ್ಞೆ

ಸರ್, ಮೊದಲು ಹೊಲದ ಮಾತುಕತೆಯನ್ನು ನಿಲ್ಲಿಸಿ.

ಹೊರಕಿವಿ ಮತ್ತು ನಡುಕಿವಿ ಗರ್ಭದಲ್ಲಿ ರೂಪುಗೊಳ್ಳುವ ಮೂಲ ಬೇರೆ, ಒಳಕಿವಿಯ ಮೂಲ ಬೇರೆ. ಆದ್ದರಿಂದ ಹಾಲೆಯೂ ರಂಧ್ರವೂ ಇಲ್ಲದೆ ಹುಟ್ಟಿದ ಬಹುಪಾಲು ಮಕ್ಕಳಲ್ಲಿ ಒಳಕಿವಿ ಮತ್ತು ಶ್ರವಣನರ ಸರಿಯಾಗಿಯೇ ಇರುತ್ತವೆ; ಶಬ್ದ ಒಳಗೆ ತಲುಪುವ ದಾರಿ ಮಾತ್ರ ಮುಚ್ಚಿರುತ್ತದೆ. ಇಂಥ ಮಕ್ಕಳಿಗೆ ಸಾಮಾನ್ಯವಾಗಿ 50ರಿಂದ 60 ಡೆಸಿಬೆಲ್‌ನಷ್ಟು ಶ್ರವಣನಷ್ಟವಿರುತ್ತದೆ. ನಾವು ಮನೆಯಲ್ಲಿ ಆಡುವ ಮಾತು ಹೆಚ್ಚುಕಡಿಮೆ ಅದೇ ಮಟ್ಟದ್ದು, ಹಾಗಾಗಿ ಮಗುವಿಗೆ ಅದು ಕೇಳಿಯೂ ಕೇಳದಂತಾಗುತ್ತದೆ, ತಾಟಿನ ಸದ್ದು ಮಾತ್ರ ತಲುಪುತ್ತದೆ. ಕಾಕ್ಲಿಯರ್ ಇಂಪ್ಲಾಂಟ್ ಇರುವುದು ಒಳಕಿವಿಯೇ ಕೆಲಸ ಮಾಡದ ಮಕ್ಕಳಿಗೆ. ನಿಮ್ಮ ಮಗಳ ಒಳಕಿವಿ ಹೇಗಿದೆಯೆಂದು ಪರೀಕ್ಷಿಸದೆ ಆ ಸಲಹೆ ಕೊಟ್ಟಿದ್ದರೆ ಅದು ತಪ್ಪು.

ಈಗ ಬೇಕಾದದ್ದು ಬೇರಾ ಪರೀಕ್ಷೆ, ಅಂದರೆ ಶಬ್ದಕ್ಕೆ ಶ್ರವಣನರ ಮತ್ತು ಮಿದುಳು ಹೇಗೆ ಸ್ಪಂದಿಸುತ್ತವೆ ಎಂದು ಅಳೆಯುವ ಪರೀಕ್ಷೆ. ಅದನ್ನು ಗಾಳಿಯ ಮೂಲಕ ಮಾತ್ರವಲ್ಲ, ಕಿವಿಯ ಹಿಂದಿನ ಮೂಳೆಗೆ ಕಂಪಕವನ್ನು ತಾಗಿಸಿ ಮೂಳೆಯ ಮೂಲಕವೂ ಮಾಡಬೇಕೆಂದು ನೀವೇ ಕೇಳಿ, ವರದಿಯಲ್ಲಿ ಎರಡೂ ಇವೆಯೇ ಎಂದು ನೋಡಿಕೊಳ್ಳಿ. ಮೂಳೆಯ ಮೂಲಕ ಚೆನ್ನಾಗಿ ಕೇಳಿಸುತ್ತಿದ್ದರೆ, ಮೆತ್ತನೆಯ ಪಟ್ಟಿಗೆ ಕೂಡಿಸಿ ತಲೆಗೆ ಕಟ್ಟುವ ಮೂಳೆವಾಹಕ ಶ್ರವಣಸಾಧನವನ್ನು ಈ ವಯಸ್ಸಿನಲ್ಲೇ ಆರಂಭಿಸಬಹುದು. ಅದಕ್ಕೆ ಶಸ್ತ್ರಚಿಕಿತ್ಸೆ ಬೇಡ. ತಾಯಿಯ ಎದೆಗೆ ಒರಗಿದಾಗ ಮಗು ಸುಮ್ಮನಾಗುವುದರಲ್ಲಿ ಅಪ್ಪುಗೆಯ ಸುಖದ ಜೊತೆಗೆ ಹಾಡಿನ ಕಂಪನವೂ ಸೇರಿರಬಹುದು. ಈ ಸಾಧನವೂ ಕಂಪನವನ್ನೇ ತಲೆಬುರುಡೆಯ ಮೂಲಕ ಒಳಕಿವಿಗೆ ಮುಟ್ಟಿಸುತ್ತದೆ. ಮಾತು ಬೇರೂರುವುದು ಮೊದಲ ಎರಡು ಮೂರು ವರ್ಷಗಳಲ್ಲಿ. ಆ ವರ್ಷಗಳನ್ನು ಸುಮ್ಮನೆ ಕಳೆಯಲು ಹೇಳಿದ ಎರಡನೆಯ ಸಲಹೆಯೂ ನನಗೆ ಅಷ್ಟೇ ನೋವು ತರುತ್ತದೆ.

ಪರೀಕ್ಷೆಗೆ ಹುಬ್ಬಳ್ಳಿಯಲ್ಲಿ ಕಿಮ್ಸ್ ಎಂದೇ ಹೆಸರಾಗಿದ್ದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಕಿವಿ-ಮೂಗು-ಗಂಟಲು ವಿಭಾಗದಲ್ಲಿ ವಿಚಾರಿಸಿ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯೂ ಇದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಹುಟ್ಟುಕಿವುಡು ಸೇರಿದೆ, ಆದ್ದರಿಂದ ನಿಮ್ಮ ಊರಿನ ಆಶಾ ಅಥವಾ ಅಂಗನವಾಡಿ ಕಾರ್ಯಕರ್ತೆಯ ಮೂಲಕ ಹೆಸರು ಬರೆಸಿ. ಸಾಧನದ ಬೆಲೆ ದೊಡ್ಡದು, ಕೊಳ್ಳುವ ಮೊದಲು ಮಗುವಿಗೆ ಕಟ್ಟಿ ನೋಡಿ.

ಗ್ರಹಣದ ವಿಚಾರ: ಕಿವಿಯ ಹಾಲೆ ಮೂರು ನಾಲ್ಕು ತಿಂಗಳೊಳಗೇ ಆಕಾರ ಪಡೆದಿರುತ್ತದೆ. ಏಳನೆಯ ತಿಂಗಳಲ್ಲಿ ತಾಯಿ ಎಲ್ಲಿಗೆ ಹೋದರೂ ಬಂದರೂ ಆಗಲೇ ಮೂಡಿದ ಕಿವಿಯ ಆಕಾರ ಬದಲಾಗುವುದಿಲ್ಲ. ಇದನ್ನು ದಯವಿಟ್ಟು ಹಿರಿಯರಿಗೆ ಓದಿ ಹೇಳಿ, ನಿಮ್ಮ ಹೆಂಡತಿಯ ಎದುರಿನಲ್ಲೇ ಹೇಳಿ.

ಬ್ಯಾಡಗಿಯ ತಂದೆ

ಮೇಡಂ, ಇದನ್ನು ಓದಿ ಮನೆಯಲ್ಲಿ ಎಲ್ಲರೂ ಅತ್ತರು. ಇನ್ನೊಂದು ಪ್ರಶ್ನೆ: ಒಳಗೆ ಎಲ್ಲ ಸರಿ ಇದ್ದರೆ, ಮುಚ್ಚಿದ ದಾರಿಯನ್ನು ಒಂದೆರಡು ವರ್ಷದಲ್ಲೇ ಕೊರೆದು ತೆರೆಯಬಾರದೇಕೆ?

ಉತ್ತರ: ಧಾರವಾಡದ ಕಿವಿ-ಮೂಗು-ಗಂಟಲು ವೈದ್ಯ

ತೆರೆಯಬೇಕಾದದ್ದು ಚರ್ಮವನ್ನಲ್ಲ, ಗಟ್ಟಿ ಮೂಳೆಯನ್ನು. ಆ ಮೂಳೆಯೊಳಗೆ ಮುಖದ ಸ್ನಾಯುಗಳನ್ನು ಆಡಿಸುವ ನರ ಹಾಯ್ದುಹೋಗುತ್ತದೆ, ಮತ್ತು ಇಂಥ ಮಕ್ಕಳಲ್ಲಿ ಅದು ತನ್ನ ಎಂದಿನ ಜಾಗದಲ್ಲಿ ಇರದಿರುವ ಸಂಭವ ಹೆಚ್ಚು. ಅದಕ್ಕೆ ಪೆಟ್ಟಾದರೆ ಮುಖದ ಒಂದು ಪಕ್ಕ ಸೋತುಹೋಗುತ್ತದೆ. ಹೀಗಾಗಿ ಮೂಳೆ ಬೆಳೆದು, ಸಿ.ಟಿ. ಸ್ಕ್ಯಾನಿನಲ್ಲಿ ಒಳಗಿನ ರಚನೆ ಸ್ಪಷ್ಟವಾಗಿ ಕಾಣುವವರೆಗೆ, ಅಂದರೆ ಐದಾರು ವರ್ಷದವರೆಗೆ ಕಾಯುತ್ತೇವೆ. ಶಸ್ತ್ರಚಿಕಿತ್ಸೆಯ ನಂತರ ತಿಂಗಳುಗಟ್ಟಲೆ ಕಿವಿಯನ್ನು ಸ್ವಚ್ಛಗೊಳಿಸಬೇಕಾಗುತ್ತದೆ. ಎರಡು ವರ್ಷದ ಕೂಸು ಅದಕ್ಕೆ ತಲೆ ಕೊಟ್ಟು ಕೂರುವುದಿಲ್ಲ.

ಸ್ಕ್ಯಾನ್ ನೋಡಿ ಅಂಕ ಕೊಡುವ ಪದ್ಧತಿಯೊಂದನ್ನು ಅಮೆರಿಕದ ಯಾರ್ಸ್‌ಡೋರ್ಫರ್ ಎಂಬ ವೈದ್ಯರು 1992ರಲ್ಲಿ ಪ್ರಕಟಿಸಿದರು. ಒಟ್ಟು 10 ಅಂಕ. ನಡುಕಿವಿಯಲ್ಲಿರುವ ರಿಕಾಪಿನ ಆಕಾರದ ಸಣ್ಣ ಮೂಳೆಗೆ ಮಾತ್ರ 2, ನಡುಕಿವಿಯ ಗಾಳಿಯ ಜಾಗ, ಮುಖನರದ ದಾರಿ ಮೊದಲಾದವುಗಳಿಗೆ ತಲಾ 1. ಏಳು ಅಥವಾ ಹೆಚ್ಚು ಬಂದರೆ ರಂಧ್ರ ತೆರೆಯುವುದರಿಂದ ಒಳ್ಳೆಯ ಫಲ ನಿರೀಕ್ಷಿಸಬಹುದು. ಐದು ಅಥವಾ ಕಡಿಮೆ ಬಂದರೆ ನಾನು ಕತ್ತಿ ಹಿಡಿಯುವುದಿಲ್ಲ. ಹಾಗೆಂದು ದಾರಿ ಮುಗಿಯುವುದಿಲ್ಲ, ತಲೆಬುರುಡೆಯ ಮೂಳೆಯಲ್ಲೇ ನೆಲೆಯೂರಿಸುವ ಸಾಧನಗಳಿವೆ. ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ 1977ರಲ್ಲಿ ಮೊದಲ ಬಾರಿ ರೋಗಿಗಳಿಗೆ ಅಳವಡಿಸಿದ ವಿಧಾನವಿದು: ಟೈಟಾನಿಯಂ ತಿರುಪಿನ ಸುತ್ತ ಜೀವಂತ ಮೂಳೆ ಬೆಳೆದು ಬಿಗಿಯಾಗುತ್ತದೆ. ಎಳೆಯ ಮಕ್ಕಳ ತಲೆಬುರುಡೆ ತೆಳ್ಳಗಿರುವುದರಿಂದ ಇದಕ್ಕೂ ಐದು ವರ್ಷ ತುಂಬಲಿ ಎನ್ನುತ್ತೇವೆ.

ಎರಡು ಎಚ್ಚರಿಕೆಗಳು. ಪಕ್ಕೆಲುಬಿನ ಮೃದ್ವಸ್ಥಿಯಿಂದ ಹಾಲೆ ಕಟ್ಟಿಸುವ ಯೋಚನೆಯಿದ್ದರೆ ಸಾಮಾನ್ಯವಾಗಿ ಅದು ಮೊದಲು, ರಂಧ್ರ ಆಮೇಲೆ. ಮೊದಲೇ ಕೊಯ್ದ ಚರ್ಮದಲ್ಲಿ ರಕ್ತಸಂಚಾರ ಕುಂದಿ ಹಾಲೆ ಸರಿಯಾಗಿ ಕೂರುವುದಿಲ್ಲ. ಎರಡನೆಯದಾಗಿ, ಮುಚ್ಚಿದ ಕಿವಿಯ ಜಾಗದಲ್ಲಿ ನೋವು, ಬಾವು ಅಥವಾ ಸೋರಿಕೆ ಕಂಡರೆ ಐದು ವರ್ಷ ಕಾಯದೆ ಕೂಡಲೇ ತೋರಿಸಿ.

ಉತ್ತರ: ಗದುಗಿನ ತಾಯಿ

ಅಣ್ಣನವರೇ, ನನ್ನ ಮಗನೂ ಹೀಗೆಯೇ ಹುಟ್ಟಿದ. ಈಗ ಹದಿಮೂರು ವರ್ಷ. ಒಂಬತ್ತು ತಿಂಗಳಿಗೆ ತಲೆಪಟ್ಟಿ ಕಟ್ಟಿದೆವು. ಕಟ್ಟಿದ ದಿನ ಅವರಪ್ಪ ಹಿಂದಿನಿಂದ ಕರೆದಾಗ ಕತ್ತು ತಿರುಗಿಸಿದ. ಒಂದೂವರೆ ವರ್ಷಕ್ಕೆ ಅವ್ವಾ ಎಂದ. ಸ್ಕ್ಯಾನಿನಲ್ಲಿ ಎಡಗಡೆಗೆ 8, ಬಲಗಡೆಗೆ 5 ಅಂಕ ಬಂದವು. ಹತ್ತನೆಯ ವರ್ಷದಲ್ಲಿ ಪಕ್ಕೆಲುಬಿನಿಂದ ಹಾಲೆ ಕಟ್ಟಿದರು, ಹನ್ನೊಂದಕ್ಕೆ ಎಡಗಿವಿಯ ರಂಧ್ರ ತೆರೆದರು.

ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಕೆಲವು ತಿಂಗಳಲ್ಲೇ ಆ ರಂಧ್ರ ಮತ್ತೆ ಕಿರಿದಾಗತೊಡಗಿ, ಔಷಧಿಯ ಬತ್ತಿ ಇಟ್ಟು ಬಹಳ ದಿನ ಕಾಪಾಡಬೇಕಾಯಿತು. ಹೊಸ ಚರ್ಮ ತನ್ನ ಕೊಳೆಯನ್ನು ತಾನೇ ಹೊರದೂಡುವುದಿಲ್ಲವಾದ್ದರಿಂದ ಆರು ತಿಂಗಳಿಗೊಮ್ಮೆ ಸ್ವಚ್ಛ ಮಾಡಿಸುತ್ತೇವೆ. ಮನೆಯಲ್ಲಿ ಸಾಧನವಿಲ್ಲದೆ ಮಾತನಾಡುತ್ತಾನೆ, ತರಗತಿಯ ಗದ್ದಲದಲ್ಲಿ ಈಗಲೂ ಪಟ್ಟಿ ಬೇಕು. ಅವನಿಗೆ ಮಾತು ಕೊಟ್ಟದ್ದು ಆ ಪಟ್ಟಿ. ಶಸ್ತ್ರಚಿಕಿತ್ಸೆ ಬಂದದ್ದು ಮಾತು ಕಲಿತ ಎಷ್ಟೋ ವರ್ಷಗಳ ಮೇಲೆ.

ಮೊದಲ ವಾರ ಮಗು ಪಟ್ಟಿಯನ್ನು ಕಿತ್ತು ಬಿಸಾಡುತ್ತದೆ, ಧೃತಿಗೆಡಬೇಡಿ. ಹಾಲು ಕುಡಿದು ಖುಷಿಯಾಗಿರುವ ಹೊತ್ತಿನಲ್ಲಿ ಅರ್ಧ ಗಂಟೆ ಕಟ್ಟಿ, ದಿನದಿಂದ ದಿನಕ್ಕೆ ಹೆಚ್ಚಿಸಿ. ಬಿಗಿ ಹೆಚ್ಚಾಗಬಾರದು, ಪಟ್ಟಿಯ ಕೆಳಗೆ ನಿಮ್ಮ ಒಂದು ಬೆರಳು ಹೋಗುವಂತಿರಲಿ. ಕಟ್ಟಿದ ಮೊದಲ ದಿನ ಜೋಗುಳವನ್ನು ತಾಯಿಯೇ ಹಾಡಲಿ, ಈ ಸಲ ಎದೆಗವಚಿಕೊಳ್ಳದೆ, ಎದುರಿಗೆ ಕುಳಿತು.