ರಡರ್ ಪೆಡಲ್ ಎಡಕ್ಕೇ ಎಳೀತಿದೆ, ಮೂರು ವಾರ ಆಯ್ತು, ಯಾರಾದ್ರೂ ಹೆಲ್ಪ್ ಮಾಡಿ

ಬೆಣ್ಣೆದೋಸೆ172
ಎಲ್ರಿಗೂ ನಮಸ್ಕಾರ. ಕಂಪ್ಯೂಟರಲ್ಲಿ ವಿಮಾನ ಹಾರಿಸೋ ಸಿಮ್ ಎಕ್ಸ್-ಪ್ಲೇನ್ 12, ವಿಮಾನ ಸೆಸ್ನಾ 172. ರಡರ್ ಅಂದ್ರೆ ಬಾಲದಲ್ಲಿ ವಿಮಾನನ ಎಡ-ಬಲ ತಿರುಗಿಸೋ ಹಲಗೆ, ಕಾಲಿನ ಪೆಡಲಿಂದ ನಡೆಸೋದು. ಜಕ್ಕೂರಲ್ಲಿ ರನ್‌ವೇ 26ಗೆ ಲೈನಪ್ ಆಗಿ ಥ್ರಾಟಲ್ ಪೂರ್ತಿ ಕೊಡ್ತಿದ್ದಂಗೆ ಗಾಡಿ ಎಡಕ್ಕೆ ಎಳ್ಕೊಂಡು ಹೋಗಿ ಹುಲ್ಲಲ್ಲಿ ನಿಲ್ಲುತ್ತೆ. ಬಲಗಾಲು ಒತ್ತಿದ್ರೆ ಬೆಣ್ಣೆ ಥರ ಸ್ಮೂತ್, ಎಡಗಾಲು ಒತ್ತಿದ್ರೆ ಮೆಟ್ಟಿಲು ಇಳಿದಂಗೆ ಜಿಗೀತಾ ಹೋಗುತ್ತೆ, ಕಾಲು ಅಲ್ಲಾಡಿಸದೇ ಇಟ್ಕೊಂಡ್ರೂ ನಡುಗ್ತಾ ಇರುತ್ತೆ. ಕ್ಯಾಲಿಬ್ರೇಶನ್ (ಪೆಡಲಿನ ನಡು, ಎಡ, ಬಲ ಸಿಮ್‌ಗೆ ಗುರುತು ಮಾಡ್ಸೋದು) ನಾಲ್ಕು ಸಲ ಮಾಡಿದೀನಿ, ದಯವಿಟ್ಟು ಮತ್ತೆ ಅದನ್ನೇ ಹೇಳ್ಬೇಡಿ. ಸಿಮ್ ರೀಇನ್‌ಸ್ಟಾಲ್ ಕೂಡ ಆಯ್ತು, ಒಂದಿಡೀ ರಾತ್ರಿ ಡೌನ್‌ಲೋಡು. ಮಗ ಕೇಳ್ತಾನೆ ಅಪ್ಪ ನೀನು ಯಾವಾಗ ಹಾರೋದು ಅಂತ.

ರೈಟ್‌ರಡರ್
ಗುರು ಇದು ಸಮಸ್ಯೆನೇ ಅಲ್ಲ, ವಿಮಾನ ಹಂಗೇ ಇರೋದು. ಸಿಂಗಲ್ ಇಂಜಿನ್, ಪ್ರಾಪ್ (ಮುಂದಿನ ಪ್ರೊಪೆಲ್ಲರ್) ಪೈಲಟ್ ಸೀಟಿಂದ ನೋಡಿದ್ರೆ ಕ್ಲಾಕ್‌ವೈಸ್ ತಿರುಗುತ್ತೆ, ಫುಲ್ ಪವರ್ ಕೊಟ್ಟಾಗ ಎಡಕ್ಕೆ ಎಳೆಯುತ್ತೆ. ಪಿ-ಫ್ಯಾಕ್ಟರ್ ಅಂತಾರೆ. ಬಲಗಾಲು ಕೊಡೋದು ಕಲೀರಿ, ನನ್ನ ಹೆಸರು ಸುಮ್ನೆ ಇಟ್ಕೊಂಡಿಲ್ಲ.

ಕುಡ್ಲ_ಕಾಕ್‌ಪಿಟ್
ಯಾವ ಪೆಡಲ್ ಅಂತ ಹೇಳಿಲ್ಲ ಅಲ್ಲ ಮಾರಾಯ್ರೆ. ಒಳಗೆ ಪಾಟ್ (ರೇಡಿಯೋದ ವಾಲ್ಯೂಮ್ ತಿರುಗಿಸುವಂಥ ರೆಸಿಸ್ಟರ್) ಇದ್ದರೆ ಎಂತ ಮಾಡಿದರೂ ಪ್ರಯೋಜನ ಇಲ್ಲ, ಧೂಳು ಹೋಗಿ ಟ್ರ್ಯಾಕ್ ಹಾಳಾಗ್ತದೆ. ಬಿಸಾಡಿ, ಆಯಸ್ಕಾಂತ ಗುರುತಿಸುವ ಹಾಲ್ ಸೆನ್ಸರ್ ಹಾಕಿ. 49ಇ ಒಂದು, ಸಣ್ಣ ಆಯಸ್ಕಾಂತ ಒಂದು, ಮುಗೀತು. ಒಂದಕ್ಕೊಂದು ತಾಗುದೇ ಇಲ್ಲ, ಸವೆಯುದು ಎಲ್ಲಿಂದ?

ಬೆಣ್ಣೆದೋಸೆ172
@ರೈಟ್‌ರಡರ್ ಸರ್ ಅದು ಗೊತ್ತು, ಆದ್ರೆ ಇಂಜಿನ್ ಆಫ್ ಮಾಡಿ ನಿಲ್ಸಿದ್ರೂ ಹೊರಗಿನ ವ್ಯೂನಲ್ಲಿ ರಡರ್ ಎಡಕ್ಕೆ ಪಟಪಟ ಅಂತ ಹೊಡ್ಕೊಳ್ತಿದೆ.
@ಕುಡ್ಲ ಪೆಡಲ್ ನಾನೇ ಮಾಡಿದ್ದು ಸರ್. ಪ್ಲೈವುಡ್, ಬಾಗಿಲ ಹಿಂಜ್, ಹಳೇ ಸೈಕಲ್ ಬೇರಿಂಗ್. ಪೆಡಲ್ ಎಲ್ಲಿದೆ ಅಂತ ಓದಿ ಕಂಪ್ಯೂಟರಿಗೆ ಕಳಿಸಕ್ಕೆ ಪ್ರೊ ಮೈಕ್ರೋ ಬೋರ್ಡು. ಇದು ಹೇಳಿದೀನಿ ಅಂದ್ಕೊಂಡೆ.

ರೈಟ್‌ರಡರ್
ಇದನ್ನ ಮೊದಲೇ ಹೇಳ್ಬೇಕಿತ್ತಲ್ವಾ ಗುರು 🙂

ಗಗನಸಖ
ರೈಟ್‌ರಡರ್ ಅವರೇ, ಟೇಕಾಫ್ ರೋಲಲ್ಲಿ ಪಿ-ಫ್ಯಾಕ್ಟರ್ ಅನ್ನೋದು ತಪ್ಪು. 172ಗೆ ಮುಂದೆ ಚಕ್ರ ಇದೆ, ಮೂಗು ನೆಲಕ್ಕೆ ಸಮ ಇರುತ್ತೆ, ಪ್ರಾಪ್ ಓರೆ ಆಗಿ ಗಾಳಿ ಕತ್ತರಿಸ್ತಿಲ್ಲ. ಪಿ-ಫ್ಯಾಕ್ಟರ್ ಜೋರಾಗೋದು ಮೂಗು ಎತ್ತಿದ ಮೇಲೆ. ನೆಲದ ಮೇಲೆ ಎಳೆಯೋದು ಪ್ರಾಪ್ ಗಾಳಿ ಸುತ್ಕೊಂಡು ಬಂದು ಬಾಲದ ಎಡಗಡೆಗೆ ಹೊಡೆಯೋದು, ಜೊತೆಗೆ ಟಾರ್ಕು, ಅಂದ್ರೆ ಪ್ರಾಪ್ ತಿರುಗೋದಕ್ಕೆ ಎದುರಾಗಿ ವಿಮಾನ ವಾಲೋದು, ಎಡ ಚಕ್ರದ ಮೇಲೆ ಭಾರ ಹಾಕುತ್ತೆ.

ರೈಟ್‌ರಡರ್
ಎಲ್ಲಾ ಸೇರಿಸಿ ಹಂಗೆ ಕರೀತಾರಪ್ಪ. ಪರೀಕ್ಷೆ ಬರೀತಿಲ್ಲ ಇಲ್ಲಿ.

ಗಗನಸಖ
ಪರೀಕ್ಷೆ ಬರೀದೆ ಇದ್ರೂ ತಪ್ಪು ತಪ್ಪೇ. ಹೊಸಬ್ರು ಓದ್ತಾರೆ.

ದುಬೈ_ಡಿಸೆಂಟ್
ಬೇರೆ ಕಂಟ್ರೋಲರ್ ಏನಾದ್ರೂ ಸಿಕ್ಕಿಸಿದೀರಾ? ಗೇಮ್‌ಪ್ಯಾಡಿನ ಕಡ್ಡಿಗೂ ರಡರ್ ಅಸೈನ್ ಆಗಿದ್ರೆ ಎರಡೂ ಜಗಳ ಆಡ್ತವೆ. ನನಗೆ ಶುರುನಲ್ಲಿ ಆಗಿತ್ತು. ಈಗ ನಂದು ಹನಿಕೋಂಬ್ ಆಲ್ಫಾ ಯೋಕು (ವಿಮಾನದ ಸ್ಟೀರಿಂಗು), ಬ್ರಾವೋ ಥ್ರಾಟಲ್ಲು, 32 ಇಂಚಿನ ಮೂರು ಸ್ಕ್ರೀನ್, ಕೆಳಗೆ ಎರಡು ಟ್ಯಾಬ್ಲೆಟಲ್ಲಿ ಗೇಜು. ಯೋಕು ಆ ಕಡೆ ಈ ಕಡೆ ಸೇರಿ 180 ಡಿಗ್ರಿ ತಿರುಗುತ್ತೆ, ಕೈಗೆ ನಿಜವಾದ ಫೀಲು. ಫೋಟೋ ಹಾಕ್ತೀನಿ ಇರಿ.

ಬೆಣ್ಣೆದೋಸೆ172
ಗೇಮ್‌ಪ್ಯಾಡ್ ಕಿತ್ತು ನೋಡ್ದೆ ಸರ್, ಏನೂ ಬದಲಾಗಿಲ್ಲ. ಫೋಟೋ ಬೇಡ, ಹೊಟ್ಟೆ ಉರಿಯುತ್ತೆ.

ಕುಡ್ಲ_ಕಾಕ್‌ಪಿಟ್
ಹಾಲ್ ಹಾಕಿ ಅಂತ ನಾನು ಆಗ್ಲೇ ಹೇಳಿದ್ದು. ಪಾಟ್ ಅಂದರೆ ಹೀಗೆಯೇ.

ಹೆಬ್ಬಾಳ_ಹೋಲ್ಡಿಂಗ್
ಯುಎಸ್‌ಬಿ ಹಬ್ ಮೂಲಕ ಹಾಕಿದ್ರೆ ತೆಗೀರಿ, ಸೀದಾ ಮದರ್‌ಬೋರ್ಡಿನ ಪೋರ್ಟಿಗೆ ಹಾಕಿ. ಲ್ಯಾಪ್‌ಟಾಪ್ ಆದ್ರೆ ಚಾರ್ಜರ್ ಕಿತ್ತು ಬ್ಯಾಟರಿಲಿ ನಡೆಸಿ ನೋಡಿ. ಎರಡು ಪಿನ್ನಿನ ಚಾರ್ಜರಿಗೆ ಅರ್ಥಿಂಗ್ ಇರಲ್ಲ, ಲ್ಯಾಪ್‌ಟಾಪ್ ಮೈ ಮುಟ್ಟಿದ್ರೆ ಜುಮ್ ಅನ್ನುತ್ತಲ್ಲ ಅದೇ ನಾಯ್ಸು.

ಬೆಣ್ಣೆದೋಸೆ172
ಬ್ಯಾಟರಿಲಿ ನಡೆಸಿದ್ರೆ ನಡುಕ ಸ್ವಲ್ಪ ಕಮ್ಮಿ ಆಯ್ತು!! ಪೂರ್ತಿ ಹೋಗಿಲ್ಲ. ಎಡಕ್ಕೆ ಎಳೆಯೋದು ಹಂಗೇ ಇದೆ.

ಹೆಬ್ಬಾಳ_ಹೋಲ್ಡಿಂಗ್
ಹೇಳ್ಲಿಲ್ವಾ. ಅರ್ಥಿಂಗ್ ಪ್ರಾಬ್ಲಮ್ಮೇ. ಎಲೆಕ್ಟ್ರಿಷಿಯನ್ ಕರ್ಸಿ ಸಾಕೆಟ್ ಚೆಕ್ ಮಾಡ್ಸಿ. ಪೆಡಲಿನ ಕಬ್ಬಿಣದಿಂದ ಒಂದು ವೈರು ಎಳೆದು ಗ್ರೌಂಡ್ ಮಾಡಿ.

ಬೆಣ್ಣೆದೋಸೆ172
ಎಲೆಕ್ಟ್ರಿಷಿಯನ್ ಬಂದ, ಅರ್ಥಿಂಗ್ ಸರಿ ಇದೆ ಅಂದ, ಇನ್ನೂರು ರೂಪಾಯಿ ಇಸ್ಕೊಂಡು ಹೋದ. ನಮ್ಮನೆಯವರು ನನ್ನ ಮುಖ ನೋಡಿದ್ದು ಹೇಳಕ್ಕಾಗಲ್ಲ. ಇನ್ನೊಂದು ವಿಚಿತ್ರ ಏನಂದ್ರೆ ಬಲಗಡೆ ಬ್ರೇಕ್ ತುಳಿದ್ರೆ ರಡರ್ ತಾನೇ ಅಲ್ಲಾಡುತ್ತೆ. ಪ್ಲೈವುಡ್ ಬಾಗ್ತಿರ್ಬೇಕು ಅಂತ ಬಿಟ್ಟಿದ್ದೆ, ಆದ್ರೆ ರಡರ್ ಬಾರ್ ಕೈಲಿ ಗಟ್ಟಿಯಾಗಿ ಹಿಡ್ಕೊಂಡು ತುಳಿದ್ರೂ ಅಲ್ಲಾಡುತ್ತೆ.

ಹುಬ್ಳಿ_ಸೋಲ್ಡರ್
ಈ ಕಡೀ ಮಾತು ಮೊದಲ ಹೇಳಿದ್ರ ಇಷ್ಟ ಉದ್ದ ಆಗ್ತಿರಲಿಲ್ಲ್ರಿ. ಕ್ಯಾಲಿಬ್ರೇಶನ್ ಮ್ಯಾಗ ನೋಡಬ್ಯಾಡ್ರಿ, ಅದು ಎಲ್ಲಾ ಮುಚ್ಚಿ ಹಾಕ್ತೈತಿ. ಬೋರ್ಡಿನಿಂದ ಬರೋ ಹಸಿ ನಂಬರ್ ಸೀರಿಯಲ್ ಮಾನಿಟರ್‌ನಾಗ ನೋಡಿ ಮೂರು ಅಂಕಿ ಹೇಳ್ರಿ: ಕಾಲು ತಗದಾಗ ಎಷ್ಟು, ಪೂರ್ತಿ ಎಡಕ್ಕ ಎಷ್ಟು, ಪೂರ್ತಿ ಬಲಕ್ಕ ಎಷ್ಟು.

ಬೆಣ್ಣೆದೋಸೆ172
ನಡುವೆ 152. ಎಡಕ್ಕೆ 121. ಬಲಕ್ಕೆ 327. ಸುಮ್ನೆ ಬಿಟ್ರೆ 148ರಿಂದ 155 ಒಳಗೆ ಕುಣೀತಿದೆ.

ಹುಬ್ಳಿ_ಸೋಲ್ಡರ್
ಬ್ರೇಕ್ ಪಾಟೂ ರಡರ್ ಪಾಟೂ ಒಂದ ಅಂಗಡ್ಯಾಗ ತಂದೀರೇನು?

ಬೆಣ್ಣೆದೋಸೆ172
ಬ್ರೇಕಿನ ಎರಡು ಹೊಸವು ಸರ್, ಬಿ10ಕೆ. ಅಂಗಡಿಲಿ ಎರಡೇ ಇತ್ತು. ಮೂರನೇದು ಮಾವನ ಹಳೇ ಆಂಪ್ಲಿಫಯರ್ ಅಟ್ಟದ ಮೇಲಿತ್ತು, ಅದರ ವಾಲ್ಯೂಮ್ ಕಂಟ್ರೋಲ್ ಕಿತ್ತು ಹಾಕ್ದೆ. ಪಾಟ್ ಅಂದ್ರೆ ಪಾಟೇ ಅಲ್ವಾ?

ಹುಬ್ಳಿ_ಸೋಲ್ಡರ್
ಅಲ್ಲೇ ಐತಿ ನೋಡ್ರಿ ಕಥಿ. ಅದರ ಬೆನ್ನ ಮ್ಯಾಗ ಏನು ಬರದೈತಿ ಓದ್ರಿ.

ಕುಡ್ಲ_ಕಾಕ್‌ಪಿಟ್
ಎಂತ ಬರೆದಿದ್ದರೂ ಪಾಟ್ ಪಾಟೇ. ಹಾಲ್ ಹಾಕಿದರೆ ಬೆನ್ನು ಓದುವ ಕೆಲಸವೇ ಇಲ್ಲ.

ಬೆಣ್ಣೆದೋಸೆ172
ಎ500ಕೆ ಅಂತ ಇದೆ.

ಹುಬ್ಳಿ_ಸೋಲ್ಡರ್
ಎ ಅಂದ್ರ ಲಾಗ್, ತಿರುವಿದ್ರ ಮೊದಲ ನಿಧಾನ, ಆಮ್ಯಾಲ ಜೋರ ಏರೋದು; ಬಿ ಅಂದ್ರ ಲೀನಿಯರ್, ಒಂದ ಸಮ ಏರೋದು. ಮುಂದಿನ ಅಂಕಿ ಎಷ್ಟು ಸಾವಿರ ಓಮ್ ರೆಸಿಸ್ಟೆನ್ಸ್ ಅಂತ. ವಾಲ್ಯೂಮ್‌ಗೆ ಲಾಗ್ ಹಾಕ್ತಾರ, ಯಾಕಂದ್ರ ನಮ್ಮ ಕಿವಿ ಹಂಗ ಕೇಳ್ತೈತಿ. ಅಗ್ಗದ ಲಾಗ್ ಪಾಟಿನಾಗ ಟ್ರ್ಯಾಕ್ ಎರಡು ತುಂಡು ಇರ್ತಾವು: ಮೊದಲ ಅರ್ಧ ಸುತ್ತಿಗೆ ನೂರಕ್ಕ ಹತ್ತು-ಹದಿನೈದು ರೆಸಿಸ್ಟೆನ್ಸ್, ಉಳದದ್ದೆಲ್ಲಾ ಎರಡನೇ ಅರ್ಧಕ್ಕ. ನಿಮ್ಮ ಪೆಡಲಿನ ನಡು ಕರೆಕ್ಟಾಗಿ ಆ ಎರಡೂ ಕೂಡೋ ಜಾಗಕ್ಕ ಬಂದು ಕುಂತೈತಿ. ಬೋರ್ಡು ಸೊನ್ನೆಯಿಂದ 1023ರ ತನಕ ಎಣಸ್ತೈತಿ, ಅದರಾಗ 152 ಅಂದ್ರ ಹದಿನೈದು ಪರ್ಸೆಂಟ್ ಆತಲ್ಲ.
ಈಗ ಲೆಕ್ಕ ನೋಡ್ರಿ. ಎಡಕ್ಕ ನಿಮಗ ಸಿಗೋದು 31 ಮೆಟ್ಲು, ಬಲಕ್ಕ 175. ಅದಕ್ಕ ಎಡಕ್ಕ ಮೆಟ್ಲು ಇಳದಂಗ ಆಗ್ತೈತಿ. ಕುಣಿಯೋದು 3-4 ಅಂಕಿ. ಅದ 4 ಎಡಕ್ಕ ಬಿದ್ರ 13 ಪರ್ಸೆಂಟ್ ರಡರ್, ಬಲಕ್ಕ ಬಿದ್ರ 2 ಪರ್ಸೆಂಟ್. ಗಾಡಿ ಯಾವ ಕಡೆ ಹೋಗಬೇಕು ಮತ್ತ? ನೀವು ಕ್ಯಾಲಿಬ್ರೇಶನ್ ಮಾಡಿದಷ್ಟೂ ಆ 31ನ್ನ ಹಿಗ್ಗಿಸಿ ಪೂರ್ತಿ ಎಡ ರಡರ್ ಮಾಡ್ತೈತಿ, ನಡುಕನೂ ಹಿಗ್ತೈತಿ.
ಬ್ರೇಕ್ ತುಳದ್ರ ರಡರ್ ಅಲ್ಲಾಡೋದೂ ಅದರದ್ದ. ಆ ಚಿಪ್ಪಿನಾಗ ಅಳೆಯೋದು ಒಂದ ಐತಿ, ಪಿನ್ನು ಬದಲಿ ಮಾಡ್ಕೋತ ಒಂದೊಂದ ಅಳೀತೈತಿ. ಒಳಗ ಒಂದು ಸಣ್ಣ ಕೆಪಾಸಿಟರ್. 10ಕೆ ಇದ್ರ ಅದು ಪಟ್ನ ತುಂಬ್ತೈತಿ, 500ಕೆ ಹಿಂದ ಇದ್ರ ಹಿಂದಿನ ಪಿನ್ನಿನ ಉಳಕಿ ಅದರಾಗ ಇರ್ತದ. ಬ್ರೇಕಿನ ವೋಲ್ಟೇಜ್ ರಡರ್ ಲೆಕ್ಕಕ್ಕ ಸೋರ್ತೈತಿ. 10ಕೆ ಒಳಗ ಇಟ್ಕೋರಿ ಅಂತ ಚಿಪ್ಪಿನ ಡೇಟಾಶೀಟ್‌ನಾಗ ಬರದಾರ. ಚಾರ್ಜರ್ ನಾಯ್ಸ್ ಹಿಡಿಯೋದೂ ಅಷ್ಟ, ದೊಡ್ಡ ರೆಸಿಸ್ಟೆನ್ಸ್ ಅಂದ್ರ ಆಂಟೆನಾ ಇದ್ದಂಗ.

ಹೆಬ್ಬಾಳ_ಹೋಲ್ಡಿಂಗ್
ಅಂದ್ರೆ ಚಾರ್ಜರ್ ನಾಯ್ಸ್ ಇತ್ತು ಅಂತಾಯ್ತಲ್ಲ. ನಾನು ಹೇಳಿದ್ದು ಅದೇ.

ಗಗನಸಖ
ಮೂರು ದಿನದಲ್ಲಿ ಇಲ್ಲಿ ಬಂದ ಒಂದೇ ಒಂದು ಸರಿಯಾದ ಉತ್ತರ 👏

ರೈಟ್‌ರಡರ್
ನಂದೂ ಸರಿನೇ ಇತ್ತು, ಎಳೆಯುತ್ತೆ ಅಂದಿದ್ದೆ, ಎಳೆಯುತ್ತೆ.

ಬೆಣ್ಣೆದೋಸೆ172
ಸರ್ ನಿಮ್ಮ ಕಾಲಿಗೆ ಬೀಳ್ಬೇಕು. ಇಲ್ಲಿ ದಾವಣಗೆರೆಲಿ ಎಲ್ಲಾ ಕಡೆ ಸುತ್ತಿದೆ, ಒಬ್ಬರ ಹತ್ರ ಬಿ100ಕೆ ಇದೆ, ಆಗುತ್ತಾ? ಬಿ10ಕೆ ಬೇಕಂದ್ರೆ ಬೆಂಗಳೂರಿಂದ ತರಿಸ್ಬೇಕು.

ಹುಬ್ಳಿ_ಸೋಲ್ಡರ್
ಅಡಚಣಿ ಇದ್ರ ನಡೀತೈತಿ, ಪಾಟಿನ ನಡುವಿನ ಕಾಲಿಂದ ಗ್ರೌಂಡಿಗೆ 104 ಅಂತ ಬರದಿರೋ ಕೆಪಾಸಿಟರ್ ಒಂದು ಹಾಕ್ರಿ. ಕೋಡಿನಾಗ ರಡರ್ ಎರಡು ಸಲ ಓದಿ ಮೊದಲಿಂದು ಬಿಸಾಕ್ರಿ. ಆದ್ರ ಬಿ10ಕೆ ಸಿಗೋದಾದ್ರ ಅದ ಹಾಕ್ರಿ, ಆ ತ್ರಾಸ ಯಾಕ. ಕೊಳ್ಳೋವಾಗ ಮೀಟರ್ ಒಯ್ರಿ. ಹೊರಗಿನ ಎರಡು ಕಾಲಿಗೆ ಹಿಡದ್ರ ಹತ್ತು ಕೆ ಆಸುಪಾಸು ಬರಬೇಕು, ಅರ್ಧ ತಿರುವಿ ನಡುವಿನ ಕಾಲಿಗೆ ಹಿಡದ್ರ ಅದರ ಅರ್ಧ ಬರಬೇಕು. ಬರಲಿಲ್ಲ ಅಂದ್ರ ಮ್ಯಾಲೆ ಬಿ ಅಂತ ಬರದಿದ್ರೂ ತಗೋಬ್ಯಾಡ್ರಿ.

ದುಬೈ_ಡಿಸೆಂಟ್
ಫೋಟೋ ಹಾಕಿದೀನಿ ನೋಡಿ. ಹಿಂದೆ ಕಾಣ್ತಿರೋದು ಹೊಸ ಸೀಟು, ಕಾರಿಂದು.

ಗಗನಸಖ
ಎಡಗಡೆ ಸ್ಕ್ರೀನ್ ಓರೆ ಇದೆ.

ಬೆಣ್ಣೆದೋಸೆ172
ಅಪ್‌ಡೇಟ್. ಬೆಂಗಳೂರಿನ ಎಸ್‌ಪಿ ರೋಡ್ ಕಡೆ ಹೋಗ್ತಿದ್ದ ಭಾವಮೈದನಿಗೆ ಹೇಳಿ ಬಿ10ಕೆ ತರಿಸ್ದೆ. ಒಂದು ಸಾಕು ಅಂದ್ರೆ ಹತ್ತು ತಂದಿದಾನೆ. ಬದಲಾಯಿಸಿ ನಂಬರ್ ನೋಡ್ದೆ: ನಡುವೆ 511, ಎಡ 409, ಬಲ 615. ಒಂದೇ ಅಂಕಿ ಆ ಕಡೆ ಈ ಕಡೆ, ಅಷ್ಟೇ. ಬ್ರೇಕ್ ತುಳಿದ್ರೆ ರಡರ್ ಕಲ್ಲು ಥರ ನಿಂತಿದೆ. ಹಳೇ ಕ್ಯಾಲಿಬ್ರೇಶನ್ ಡಿಲೀಟ್ ಮಾಡಿ ಹೊಸದು ಮಾಡ್ದೆ. ಕಬ್ಬನ್ ಪಾರ್ಕ್ ಮೇಲೆ ಒಂದು ರೌಂಡ್ ಹೊಡ್ದು ಬಂದೆ, ಮಗ ಪಕ್ಕದಲ್ಲಿ ಕೂತಿದ್ದ. ಟೇಕಾಫಲ್ಲಿ ಸ್ವಲ್ಪ ಎಡಕ್ಕೆ ಎಳೀತು, ಬಲಗಾಲು ಕೊಟ್ಟೆ @ರೈಟ್‌ರಡರ್.
ಮಾವನ ಆಂಪ್ಲಿಫಯರ್‌ಗೆ ಎ500ಕೆ ವಾಪಸ್ ಸೋಲ್ಡರ್ ಮಾಡ್ಬೇಕು, ಅವ್ರಿಗೆ ಇನ್ನೂ ಗೊತ್ತಿಲ್ಲ.
ಒಂದೇ ಡೌಟು. ಲ್ಯಾಂಡ್ ಆದ್ಮೇಲೆ ಕಾಲು ತೆಗೆದ್ರೆ ಬ್ರೇಕ್ ಹಿಡ್ಕೊಳ್ಳುತ್ತೆ, ತುಳಿದ್ರೆ ಬಿಡುತ್ತೆ. ಕಿತ್ತು ಹಾಕುವಾಗ ವೈರು ಏನಾದ್ರೂ ಅದಲು ಬದಲು ಮಾಡಿದೀನಾ?

ಹುಬ್ಳಿ_ಸೋಲ್ಡರ್
ಬ್ರೇಕ್ ಪಾಟಿನ ಹೊರಗಿನ ಎರಡು ಕಾಲು ಉಲ್ಟಾ ಆಗ್ಯಾವು. ಮತ್ತ ಸೋಲ್ಡರ್ ಮಾಡಬ್ಯಾಡ್ರಿ, ಸೆಟ್ಟಿಂಗ್‌ನಾಗ ಎರಡೂ ಬ್ರೇಕಿಗೆ ರಿವರ್ಸ್ ಟಿಕ್ ಹಾಕ್ರಿ ಸಾಕು.

ಕುಡ್ಲ_ಕಾಕ್‌ಪಿಟ್
ಆರು ತಿಂಗಳು ಬಿಟ್ಟು ಇಲ್ಲಿಯೇ ಬಂದು ಹೇಳಿ ಆ ಪಾಟ್ ಹೇಗುಂಟು ಅಂತ. ನಾನು ಕಾಯ್ತೇನೆ.

ಬೆಣ್ಣೆದೋಸೆ172
ಇನ್ನೂ ಒಂಬತ್ತು ಇದೆ ಸರ್ 😄

ಮಂಡ್ಯ_ಮಿಕ್ಸ್ಚರ್
ಹೊಸಬ, ಇದೇ ಥರ ಸಮಸ್ಯೆ ನಂದೂ, ಆದ್ರೆ ಥ್ರಾಟಲ್ಲು. ಅರ್ಧಕ್ಕೆ ಹೋದ್ರೆ ಫುಲ್ ಆಗ್ಬುಡ್ತದೆ. ಕ್ಯಾಲಿಬ್ರೇಶನ್ ಎಲ್ಲಾ ಮಾಡಿದೀನಿ. ಏನು ಮಾಡ್ಲಿ ಹೇಳ್ರಣ್ಣ?