‘ಋಣಾತ್ಮಕ ಪುನರ್ಬಲನ’ ಎಂದರೆ ಶಿಕ್ಷೆಯೇ? ಒಂದು ಪದಜಿಜ್ಞಾಸೆ

ಪದಚರ್ಚೆಯ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

ತುಮಕೂರಿನ ಪದವಿಪೂರ್ವ ಕಾಲೇಜೊಂದರಲ್ಲಿ ಮನಶ್ಶಾಸ್ತ್ರದ ಪಾಠ ಹೇಳುವ ನಾನು, ಪುಟ್ಟ ಮಕ್ಕಳ ತಂದೆತಾಯಿಯರಿಗೂ ಅಂಗನವಾಡಿ ಕಾರ್ಯಕರ್ತೆಯರಿಗೂ ಅರ್ಥವಾಗುವಂತೆ ಈ ಶಾಸ್ತ್ರದ ಮೊದಲ ಪಾಠಗಳನ್ನು ತಿಳಿಗನ್ನಡದಲ್ಲಿ ಬರೆಯಬೇಕೆಂದು ಕೆಲವು ತಿಂಗಳುಗಳಿಂದ ಕುಳಿತಿದ್ದೇನೆ. ಗಮನ, ನೆನಪು, ಮರೆವು ಇವುಗಳ ಅಧ್ಯಾಯಗಳು ಹೇಗೋ ಸಾಗಿದವು. ಪಠ್ಯಗಳಲ್ಲಿರುವ ‘ಅವಧಾನ’, ‘ಸ್ಮೃತಿ’, ‘ವಿಸ್ಮೃತಿ’ಗಳನ್ನು ಕೈಬಿಟ್ಟದ್ದರಿಂದ ಯಾರಿಗೂ ನಷ್ಟವಾದಂತೆ ಕಾಣಲಿಲ್ಲ. ಕಲಿಕೆಯ ಅಧ್ಯಾಯಕ್ಕೆ ಬಂದಾಗ ಮಾತ್ರ ಬಂಡಿ ಹೂತುಕೊಂಡಿತು. ಹೂತದ್ದು, ಇಂಗ್ಲಿಷಿನ ‘ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್’ಗೆ ಪಠ್ಯಗಳು ಇಟ್ಟಿರುವ ‘ಋಣಾತ್ಮಕ ಪುನರ್ಬಲನ’ ಎಂಬಲ್ಲಿ.

ಕಳೆದ ತಿಂಗಳು ಗುಬ್ಬಿ ತಾಲ್ಲೂಕಿನ ಒಂದು ಅಂಗನವಾಡಿಯಲ್ಲಿ ಹತ್ತು ಹನ್ನೆರಡು ಜನ ತಾಯಂದಿರ ಮುಂದೆ ಈ ಅಧ್ಯಾಯದ ಕರಡನ್ನು ಓದಿ ವಿವರಿಸಿದೆ. ಕಾಲು ಗಂಟೆಯ ವಿವರಣೆ ಮುಗಿದ ಮೇಲೆ ಒಬ್ಬಾಕೆ, ‘ಹಂಗಂದ್ರೆ ತಪ್ಪು ಮಾಡ್ದಾಗ ಎರಡು ಬಿಗಿಯೋದು ತಾನೇ ಸಾರ್?’ ಎಂದು ಕೇಳಿದರು. ಮೊಮ್ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡಿದ್ದ ಅಜ್ಜಿಯೊಬ್ಬರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ‘ಎಲ್ಲಾ ಋಣಾನುಬಂಧ ಕಣಪ್ಪಾ’ ಎಂದರು. ಅಜ್ಜಿಯ ಮಾತಿಗೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಬಸ್ಸಿನಲ್ಲಿ ಹಿಂದಿರುಗುವಾಗ ಯೋಚಿಸಿದರೆ, ತಪ್ಪು ಅವರಿಬ್ಬರದೂ ಅಲ್ಲ, ನಾನು ಅವರ ಕೈಗೆ ಕೊಟ್ಟ ಪದಗಳದು ಎನಿಸಿತು.

ಶಾಸ್ತ್ರದಲ್ಲಿ ವಿಷಯ ಇಷ್ಟೇ. ಒಂದು ವರ್ತನೆಯ ಬೆನ್ನಿಗೇ ನಡೆದದ್ದರಿಂದ ಆ ವರ್ತನೆ ಮುಂದೆ ಹೆಚ್ಚಿದರೆ ಅದು ಪುನರ್ಬಲನ, ಕಡಿಮೆಯಾದರೆ ಅದು ಶಿಕ್ಷೆ. ಬೇಕಾದದ್ದು ಬಂದು ಸೇರಿದ್ದರಿಂದ ಹೆಚ್ಚಿದರೆ ಧನಾತ್ಮಕ, ಬೇಡವಾದದ್ದು ತೊಲಗಿದ್ದರಿಂದ ಹೆಚ್ಚಿದರೆ ಋಣಾತ್ಮಕ. ತಲೆನೋವಿಗೆ ಮಾತ್ರೆ ನುಂಗಿ ನೋವು ಇಳಿದರೆ ಮುಂದಿನ ಸಲ ಕೈ ತಡಮಾಡದೆ ಮಾತ್ರೆಯ ಡಬ್ಬಿಯ ಕಡೆಗೆ ಹೋಗುತ್ತದೆ; ಋಣಾತ್ಮಕ ಪುನರ್ಬಲನವೆಂದರೆ ಇದೇ. ಇದರಲ್ಲಿ ಬೈಗುಳವೂ ಇಲ್ಲ, ಬೆತ್ತವೂ ಇಲ್ಲ. ಆದರೂ ನನ್ನ ವಿದ್ಯಾರ್ಥಿಗಳಲ್ಲಿ ಅನೇಕರು ಪ್ರತಿವರ್ಷ ಉತ್ತರಪತ್ರಿಕೆಯಲ್ಲಿ ‘ಋಣಾತ್ಮಕ ಪುನರ್ಬಲನ ಅಂದರೆ ಶಿಕ್ಷೆ’ ಎಂದೇ ಬರೆಯುತ್ತಾರೆ.

ಕ್ಯಾತ್ಸಂದ್ರದ ತಟ್ಟೆ ಇಡ್ಲಿ ಹೋಟೆಲೊಂದರಲ್ಲಿ ಹೋದ ಭಾನುವಾರ ಕಂಡದ್ದನ್ನು ಇಲ್ಲಿ ಹೇಳಬೇಕು, ಏಕೆಂದರೆ ಪದದ ತೊಡಕೆಲ್ಲ ಅದರೊಳಗೇ ಇದೆ. ಎದುರು ಮೇಜಿನಲ್ಲಿ ಮೂರು ವರ್ಷದ ಮಗುವೊಂದು ತಟ್ಟೆಯನ್ನು ದೂಡಿ ಅಳಲಾರಂಭಿಸಿತು. ತಾಯಿ ಇಡ್ಲಿಯ ತುಣುಕಿಗೆ ಚಟ್ನಿ ಬಿಟ್ಟು ಬೆಣ್ಣೆ ಸವರಿದರು, ಆಗಲಿಲ್ಲ. ಸಕ್ಕರೆ ತರಿಸಿದರು, ಆಗಲಿಲ್ಲ. ಅಕ್ಕಪಕ್ಕದವರು ತಿರುಗಿ ನೋಡತೊಡಗಿದರು. ತಂದೆ ಅಂಗಿಯ ಜೇಬಿನಿಂದ ಮೊಬೈಲು ತೆಗೆದು, ಏನನ್ನೋ ಹಾಕಿ, ನೀರಿನ ಲೋಟಕ್ಕೆ ಆನಿಸಿ ನಿಲ್ಲಿಸಿದರು. ಅಳು ಅರ್ಧಕ್ಕೇ ನಿಂತಿತು. ಇನ್ನೂ ತೆರೆದೇ ಇದ್ದ ಬಾಯಿಗೆ ತಾಯಿ ಇಡ್ಲಿ ಇಟ್ಟರು. ಮಗು ಅತ್ತಿತು, ಮೊಬೈಲು ಬಂತು. ಇನ್ನು ಮುಂದೆ ಅದು ಹೆಚ್ಚು ಅಳುತ್ತದೆ, ಇದು ಧನಾತ್ಮಕ. ತಂದೆ ಮೊಬೈಲು ಕೊಟ್ಟರು, ಅಳುವಿನ ಕಾಟ ಹೋಯಿತು. ಇನ್ನು ಮುಂದೆ ಅವರು ಬೇಗ ಕೊಡುತ್ತಾರೆ, ಇದು ಋಣಾತ್ಮಕ. ಒಂದೇ ಗಳಿಗೆಯಲ್ಲಿ ತಂದೆಯೂ ಮಗುವೂ ಪರಸ್ಪರ ಪಾಠ ಕಲಿಸಿದ್ದಾರೆ, ಇಬ್ಬರಲ್ಲಿ ಯಾರಿಗೂ ಶಿಕ್ಷೆಯಾಗಿಲ್ಲ. ತಾಯಂದಿರಿಗೆ ನಾನು ಮುಟ್ಟಿಸಬೇಕೆಂದಿದ್ದ ಸಂಗತಿ ಇದೇ ಆಗಿತ್ತು. ಪದ ಅಡ್ಡ ಬಂದು ಅದನ್ನು ‘ಎರಡು ಬಿಗಿಯುವುದು’ ಮಾಡಿತು.

ಈಗ ಪದಗಳಿಗೆ ಬರುತ್ತೇನೆ. ‘ಋಣ’ವನ್ನು ಆರಿಸಿದವರು ಗಣಿತವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದಾರೆ, ಧನ ಎಂದರೆ ಕೂಡು, ಋಣ ಎಂದರೆ ಕಳೆ. ಲೆಕ್ಕದ ಪುಸ್ತಕದಲ್ಲಿಯೂ ವಿದ್ಯುತ್ತಿನ ಪಾಠದಲ್ಲಿಯೂ ಈ ಜೋಡಿಗೆ ದೋಷವಿಲ್ಲ. ಆದರೆ ಮನೆಯ ಕನ್ನಡದಲ್ಲಿ ಋಣವೆಂದರೆ ಅನ್ನದ ಋಣ, ತೀರಿಸಬೇಕಾದ ಋಣ, ‘ಅವರ ನಮ್ಮ ಋಣ ಅಷ್ಟೇ ಇತ್ತು’ ಎಂದು ಸಾವಿನ ಮನೆಯಲ್ಲಿ ಆಡುವ ಮಾತಿನ ಋಣ. ಅದೇ ಅಧ್ಯಾಯದ ತಲೆಬರಹದಲ್ಲಿ ‘ಅನುಬಂಧನ’ (ಇಂಗ್ಲಿಷಿನ ‘ಕಂಡಿಷನಿಂಗ್’, ಎಂದರೆ ಅನುಭವದಿಂದ ವರ್ತನೆ ರೂಢಿಯಾಗುವುದು) ಬೇರೆ ಕುಳಿತಿರುವಾಗ ಅಜ್ಜಿಗೆ ಋಣಾನುಬಂಧ ನೆನಪಾದದ್ದರಲ್ಲಿ ಆಶ್ಚರ್ಯವೇನೂ ಇಲ್ಲ, ಆಗದಿದ್ದರೇ ಆಶ್ಚರ್ಯ. ಇನ್ನು ‘ನೆಗೆಟಿವ್’ ಎಂದು ಇಂಗ್ಲಿಷಿನಲ್ಲೇ ಬಿಟ್ಟರೂ ಪರಿಹಾರವಾಗದು. ಆಸ್ಪತ್ರೆಯ ರಿಪೋರ್ಟು ನೆಗೆಟಿವ್ ಬಂದರೆ ಸಿಹಿ ಹಂಚುವ ನಾವೇ, ‘ನೆಗೆಟಿವ್ ಆಗಿ ಮಾತಾಡಬೇಡ’ ಎಂದು ಗದರುತ್ತೇವೆ, ಮತ್ತು ಮಕ್ಕಳ ವಿಷಯ ಬಂದಾಗ ಈ ಎರಡನೆಯ ಅರ್ಥವೇ ಮೊದಲು ಎದ್ದು ಬರುತ್ತದೆ.

‘ಪುನರ್ಬಲನ’ದ ಬಗ್ಗೆ ನನ್ನ ಆಕ್ಷೇಪ ಇನ್ನೂ ಹೆಚ್ಚು. ಹಿಂದಿಯ ಮನೋವಿಜ್ಞಾನದ ಪಠ್ಯಗಳಲ್ಲೂ ಇದೇ ರೂಪವಿದೆ. ಇಂಗ್ಲಿಷಿನ ‘ರೀ’ಗೆ ‘ಪುನರ್’, ‘ಫೋರ್ಸ್’ಗೆ ‘ಬಲ’ ಎಂದು ಅಂಗಾಂಗ ಬಿಡಿಸಿ ಹೊಲಿದ ಈ ಪದವನ್ನು ಕೇಳಿದವರಿಗೆ, ಹಿಂದೊಮ್ಮೆ ಇದ್ದು ಹೋಗಿದ್ದ ಬಲ ಮತ್ತೆ ಬಂತು ಎಂಬ ಭಾವನೆ ಹುಟ್ಟುತ್ತದೆ. ಆದರೆ ಇಲ್ಲಿ ಮರಳಿ ಬಂದದ್ದು ಯಾವುದೂ ಇಲ್ಲ, ಇರುವ ವರ್ತನೆಗೆ ಬಲ ಸೇರಿದೆ ಅಷ್ಟೆ. ಆರ್‌ಸಿಸಿ ಎಂಬುದರ ಮೊದಲ ಅಕ್ಷರವೂ ಇದೇ ‘ರೀಇನ್‌ಫೋರ್ಸ್’ನಿಂದ ಬಂದದ್ದು, ನಮ್ಮ ಗಾರೆ ಮೇಸ್ತ್ರಿಗಳು ಅದಕ್ಕೆ ಪುನರ್ ಎಂದೇನೂ ಹೇಳದೆ, ‘ಕಂಬಿ ಕಟ್ಟಿ ಗಟ್ಟಿ ಮಾಡೋದು’ ಎನ್ನುತ್ತಾರೆ. ಭಾಷಾಂತರಕಾರರಿಗಿಂತ ಮೇಸ್ತ್ರಿಗಳಿಗೆ ಈ ಪದ ಚೆನ್ನಾಗಿ ಅರ್ಥವಾಗಿದೆ ಎಂದು ನನ್ನ ಗುಮಾನಿ.

‘ಅನುಬಂಧನ’ದ ಕಥೆ ಸ್ವಲ್ಪ ಸ್ವಾರಸ್ಯವಾದದ್ದು. ನಾಯಿಗಳ ಮೇಲಿನ ಪ್ರಯೋಗಗಳಿಂದ ಈ ಪರಿಕಲ್ಪನೆಗೆ ಮೂಲರಾದ ರಷ್ಯದ ಪಾವ್ಲೋವ್ ಮನಶ್ಶಾಸ್ತ್ರಜ್ಞರಲ್ಲ, ಶರೀರಕ್ರಿಯಾಶಾಸ್ತ್ರಜ್ಞರು. 1904ರಲ್ಲಿ ಅವರಿಗೆ ನೊಬೆಲ್ ಬಂದದ್ದು ಜೀರ್ಣಕ್ರಿಯೆಯ ಮೇಲಿನ ಕೆಲಸಕ್ಕೆ. ಆಹಾರವನ್ನು ಕಾಣುವ ಮೊದಲೇ, ಅದರೊಡನೆ ಹಲವು ಸಲ ಕೂಡಿಬಂದ ಸದ್ದಿಗೇ ನಾಯಿ ಜೊಲ್ಲು ಸುರಿಸುವುದನ್ನು ಹೆಸರಿಸಲು ರಷ್ಯನ್ ಭಾಷೆಯಲ್ಲಿ ಅವರು ಬಳಸಿದ ವಿಶೇಷಣ ‘ಉಸ್ಲೋವ್ನಿ’, ಎಂದರೆ ಷರತ್ತಿಗೆ ಒಳಪಟ್ಟದ್ದು, ಇಂಥದ್ದಿದ್ದರೆ ಮಾತ್ರ ಉಂಟಾಗುವಂಥದ್ದು. 1927ರ ಇಂಗ್ಲಿಷ್ ಅನುವಾದದಲ್ಲಿ ಅದು ‘ಕಂಡಿಷನಲ್’ ಆಗುವ ಬದಲು ‘ಕಂಡಿಷನ್ಡ್’ ಆಯಿತು; ‘ಷರತ್ತಿನ ಮೇಲೆ ನಿಂತದ್ದು’ ಹೋಗಿ ‘ಹದಗೊಳಿಸಿದ್ದು’ ಬಂತು. ನಾವು ಆ ಎರಡನ್ನೂ ಬಿಟ್ಟು ಅನುಬಂಧನವನ್ನು ಹಿಡಿದೆವು. ಹಿಂದಿಯಲ್ಲಿ ಅನುಬಂಧವೆಂದರೆ ಕರಾರು, ಆದ್ದರಿಂದ ಅಲ್ಲಿ ಷರತ್ತಿನ ವಾಸನೆಯಾದರೂ ಉಳಿದಿದೆ. ಕನ್ನಡದಲ್ಲಿ ಅನುಬಂಧವೆಂದರೆ ಒಂದೋ ಪುಸ್ತಕದ ಕೊನೆಯಲ್ಲಿ ಸೇರಿಸುವ ಪುಟಗಳು, ಇಲ್ಲವೇ ಜನ್ಮಜನ್ಮಾಂತರದ ನಂಟು. ಪಾವ್ಲೋವರು ತೋರಿಸಿದ ಬಗೆಯ ಕಲಿಕೆಯನ್ನು ಪಠ್ಯಗಳು ‘ಶಾಸ್ತ್ರೀಯ ಅನುಬಂಧನ’ ಎಂದು ಕರೆದು ಸಂಗೀತ ಕಚೇರಿಯನ್ನು ನೆನಪಿಗೆ ತರುವುದನ್ನು ಇಲ್ಲಿ ಬೆಳೆಸುವುದಿಲ್ಲ.

ನಮ್ಮ ಜನರಿಗೆ ಇದನ್ನು ತಿಳಿಸಲು ರಷ್ಯದ ನಾಯಿಯೂ ಬೇಕಿಲ್ಲ. ನನ್ನ ತಾಯಿಯ ತವರು ಮಾಲೂರಿನ ಕಡೆಯ ಹಳ್ಳಿ. ಬೆಳಗ್ಗೆ ಡೇರಿಗೆ ಹಾಲು ಹಾಕುವ ಮನೆ. ಕರು ಬಾಯಿ ಹಾಕಿದರೆ ಹಸು ಕೆಚ್ಚಲಿಗೆ ಹಾಲಿಳಿಸುತ್ತದೆ; ಇದನ್ನು ನಮ್ಮ ಮನೆಯಲ್ಲಿ ‘ಸೊರೆ ಬಿಡುವುದು’ ಎನ್ನುತ್ತೇವೆ, ‘ತೊರೆ ಬಿಡುವುದು’ ಎನ್ನುವವರನ್ನೂ ಕೇಳಿದ್ದೇನೆ. ಇದಕ್ಕೆ ಕಲಿಕೆ ಬೇಕಿಲ್ಲ, ಮೊಲೆಗೆ ಸ್ಪರ್ಶವಾದೊಡನೆ ಮೆದುಳಿನ ಬುಡದ ಗ್ರಂಥಿಯಿಂದ ಆಕ್ಸಿಟೋಸಿನ್ ರಕ್ತಕ್ಕೆ ಇಳಿದು ಈ ಕೆಲಸ ಮಾಡಿಸುತ್ತದೆ. ಆದರೆ ನನ್ನ ಅತ್ತೆ ನಸುಕಿನಲ್ಲಿ ಸ್ಟೀಲಿನ ಬಕೆಟ್ಟನ್ನು ಕಲ್ಲಿಗೆ ತಗುಲಿಸಿ ಸದ್ದು ಮಾಡುತ್ತ ಕೊಟ್ಟಿಗೆಗೆ ಬಂದರೆ, ಅವರ ಕೈ ಇನ್ನೂ ತಾಗುವ ಮೊದಲೇ ಆ ಕೆಂದ ಹಸುವಿನ ಮೊಲೆತೊಟ್ಟಿನಿಂದ ಹಾಲು ತೊಟ್ಟಿಕ್ಕುತ್ತಿತ್ತು. ಬಕೆಟ್ಟಿನ ಸದ್ದಿಗೆ ಹಸು ‘ಪಳಗಿದೆ’ ಎಂದೇ ಅವರು ಹೇಳುತ್ತಿದ್ದರು. ಹೊಸಬರು ಹಾಲು ಕರೆಯಲು ಕುಳಿತು ಹಸು ಬೆದರಿದರೆ ಸೊರೆ ಬಿಡದು. ಷರತ್ತಿನ ಮೇಲೆ ನಿಂತದ್ದು ಎಂಬ ಪಾವ್ಲೋವರ ಮೂಲ ಅರ್ಥ ಇದಕ್ಕಿಂತ ಸ್ಪಷ್ಟವಾಗಿ ಇನ್ನೆಲ್ಲಿ ಸಿಕ್ಕೀತು? ಹಾಗಾಗಿ ಅನುಬಂಧನದ ಬದಲು ‘ಪಳಗಿಕೆ’ ಎಂದು ಬರೆದುಕೊಂಡಿದ್ದೇನೆ. ಪಳಗುವುದಕ್ಕೆ ಕಾಡುಪ್ರಾಣಿ ಸಾಧುವಾಗುವುದು, ಕೆಲಸದಲ್ಲಿ ನುರಿಯುವುದು ಎಂಬ ಅರ್ಥಗಳೂ ಇರುವುದು ನನಗೆ ಗೊತ್ತು. ಅಷ್ಟರ ಮಟ್ಟಿಗೆ ಪದ ಸಡಿಲ.

ನ್ಯಾಯವಾಗಿ ಹೇಳಬೇಕೆಂದರೆ ಎಲ್ಲ ದೋಷವನ್ನೂ ಕನ್ನಡದ ಮೇಲೆ ಹೊರಿಸಲಾಗದು. ‘ನೆಗೆಟಿವ್ ರೀಇನ್‌ಫೋರ್ಸ್‌ಮೆಂಟ್’ ಅನ್ನು ಶಿಕ್ಷೆಯೆಂದು ತಿಳಿಯುವ ತಪ್ಪು ಇಂಗ್ಲಿಷ್ ಓದುವವರಲ್ಲೂ ಧಾರಾಳವಾಗಿದೆ, ಮತ್ತು ಅದರ ಬೇರು ಈ ಹೆಸರನ್ನು ಬಳಕೆಗೆ ತಂದ ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಕಿನ್ನರ್ ಅವರಲ್ಲೇ ಇದೆ. 1938ರಲ್ಲಿ ಹೊರಬಂದ ತಮ್ಮ ಗ್ರಂಥದಲ್ಲಿ ಅವರು ಈ ಪದವನ್ನು ನಾವು ಇಂದು ಶಿಕ್ಷೆ ಎನ್ನುವುದಕ್ಕೆ ಹತ್ತಿರವಾದ ಅರ್ಥದಲ್ಲಿಯೇ ಬಳಸಿದ್ದರು. 1953ರ ಗ್ರಂಥದ ಹೊತ್ತಿಗೆ ಈಗ ಚಾಲ್ತಿಯಲ್ಲಿರುವ ಅರ್ಥಕ್ಕೆ ಬಂದರು. ಹೆಸರಿಟ್ಟವರೇ ಒಮ್ಮೆ ಹೊರಳಿದ ದಾರಿಯಲ್ಲಿ ಗುಬ್ಬಿಯ ತಾಯಂದಿರು ಎಡವಿದರೆ ಅವರನ್ನು ದೂರುವಂತಿಲ್ಲ. ಜೊತೆಗೆ ನಮ್ಮ ಭಾಷೆಯಲ್ಲಿ ಶಿಕ್ಷೆ, ಶಿಕ್ಷಣ, ಶಿಕ್ಷಕ ಎಲ್ಲವೂ ಒಂದೇ ಧಾತುವಿನ ಮಕ್ಕಳಾಗಿರುವುದರಿಂದ, ಕಲಿಸುವುದು ಎಂದೊಡನೆ ಬೆತ್ತ ಕಣ್ಣಮುಂದೆ ಬರುವುದು ಬೇರೆ ಕಡೆಗಿಂತ ನಮ್ಮಲ್ಲಿ ಇನ್ನಷ್ಟು ಸುಲಭ.

ಸದ್ಯ ನನ್ನ ಮುಂದೆ ಎರಡು ದಾರಿಗಳಿವೆ. ಒಂದು, ಪುನರ್ಬಲನಕ್ಕೆ ‘ಗಟ್ಟಿಗೊಳಿಕೆ’ ಎಂದು ಕರೆದು, ಧನ–ಋಣಗಳ ಬದಲು ‘ಕೊಟ್ಟು ಗಟ್ಟಿಗೊಳಿಸುವುದು’, ‘ಕಳೆದು ಗಟ್ಟಿಗೊಳಿಸುವುದು’ ಎನ್ನುವುದು. ಪಾಠ ಗಟ್ಟಿ ಮಾಡು ಎಂಬ ಬಳಕೆ ಇರುವುದರಿಂದ ಇದು ಕಿವಿಗೆ ಹೊಸದಲ್ಲ. ತೊಂದರೆ ಎದ್ದದ್ದು ನನ್ನದೇ ಉದಾಹರಣೆಯಲ್ಲಿ: ‘ಮೊಬೈಲು ಕೊಟ್ಟದ್ದರಿಂದ ಮಗುವಿನ ಅಳು ಗಟ್ಟಿಯಾಯಿತು’ ಎಂದು ಬರೆದು ನೋಡಿದರೆ, ಮಗು ಜೋರಾಗಿ ಕಿರುಚಿತು ಎಂದೇ ಓದುಗರು ತಿಳಿಯುತ್ತಾರೆ. ‘ಬಲಪಡಿಸುವುದು’ ಎಂದರೆ ಈ ಕಾಟ ತಪ್ಪುತ್ತದೆ, ಆದರೆ ಅದು ಸಂಘದ ವಾರ್ಷಿಕ ವರದಿಯ ಮಾತಿನಂತೆ ಕೇಳಿಸುತ್ತದೆ. ಎರಡನೆಯ ದಾರಿ, ಪಾರಿಭಾಷಿಕ ಪದವನ್ನೇ ಬಿಟ್ಟು ಜನರ ನುಡಿಗಟ್ಟನ್ನು ಹಿಡಿಯುವುದು. ಮಗುವಿಗೆ ಅಳುವಿನ ‘ರುಚಿ ಹತ್ತಿದೆ’ ಎನ್ನುತ್ತೇವಲ್ಲ, ಅದು ಧನಾತ್ಮಕ ಪುನರ್ಬಲನದ ಅಚ್ಚುಕಟ್ಟಾದ ಕನ್ನಡ. ಹೋಟೆಲಿನಲ್ಲಿ ಆ ತಂದೆ ಮೊಬೈಲನ್ನು ಲೋಟಕ್ಕೆ ಆನಿಸಿ ಬೆನ್ನು ಹಿಂದಕ್ಕೆ ಒರಗಿಸುತ್ತ, ಯಾರನ್ನೂ ಉದ್ದೇಶಿಸದೆ ಆಡಿದ ಮಾತು ‘ಸದ್ಯ, ಕಾಟ ತಪ್ತು’. ಋಣಾತ್ಮಕ ಪುನರ್ಬಲನದ ಅರ್ಥವೆಲ್ಲ ಆ ಮೂರು ಪದಗಳಲ್ಲಿತ್ತು. ಆದರೆ ‘ರುಚಿ ಹತ್ತುವುದು’ ಕಲಿಕೆಯನ್ನು ಹೇಳಿದರೆ, ‘ಕಾಟ ತಪ್ಪುವುದು’ ಆ ಕ್ಷಣದ ನೆಮ್ಮದಿಯನ್ನು ಮಾತ್ರ ಹೇಳುತ್ತದೆ, ಅದರಿಂದ ಬೆಳೆಯುವ ಅಭ್ಯಾಸವನ್ನು ಹೇಳುವುದಿಲ್ಲ.

ಆದ್ದರಿಂದ ಬಲ್ಲವರಲ್ಲಿ ನನ್ನ ಪ್ರಶ್ನೆಗಳು ಇವು. ಪೀಡೆಯಿಂದ ಒಮ್ಮೆ ಪಾರಾದವರು ಅದೇ ಉಪಾಯಕ್ಕೆ ಮತ್ತೆ ಮತ್ತೆ ಮೊರೆಹೋಗುವುದನ್ನು, ‘ರುಚಿ ಹತ್ತು’ವಿನಷ್ಟೇ ಚಿಕ್ಕದಾಗಿ ಹೇಳುವ ಮಾತು ಕೋಲಾರ, ಚಿಕ್ಕಬಳ್ಳಾಪುರದ ಕಡೆಯಾಗಲಿ, ಬೇರೆ ಸೀಮೆಗಳಲ್ಲಾಗಲಿ ಬಳಕೆಯಲ್ಲಿದೆಯೇ? ‘ಪಳಗಿಕೆ’ಯನ್ನು ಅನುಬಂಧನದ ಜಾಗದಲ್ಲಿ ಬಳಸಿದರೆ ಮುಂದೆ ಪಠ್ಯಪುಸ್ತಕವನ್ನೂ ಓದಬೇಕಾದ ಮಕ್ಕಳಿಗೆ ತೊಡಕಾದೀತೇ? ‘ಸೊರೆ’ ಮತ್ತು ‘ತೊರೆ’ಗಳಲ್ಲಿ ಯಾವುದನ್ನು ಅಚ್ಚಿಗೆ ಕೊಡಬೇಕೆಂಬುದನ್ನೂ, ನಿಘಂಟು ಕೈಯಲ್ಲಿರುವವರು ನೋಡಿ ತಿಳಿಸಬೇಕು. ದಸರಾ ರಜೆಯೊಳಗೆ ಈ ಅಧ್ಯಾಯವನ್ನು ಮುಗಿಸಿ ಅಂಗನವಾಡಿಗೆ ಮತ್ತೆ ಹೋಗುವುದಾಗಿ ಒಪ್ಪಿಕೊಂಡಿರುವುದರಿಂದ, ಅದಕ್ಕೆ ಮೊದಲೇ ತಮ್ಮ ಉತ್ತರಗಳು ಸಿಕ್ಕಿದರೆ ಉಪಕಾರವಾಗುತ್ತದೆ.